ಪಾರ್ಕಿಂಗ್ ಬಿಟ್ಟೇಳದ ಕೋಳಿಗಳು

ಕೆ.ಆರ್. ಪುರದ ನಮ್ಮ ಸೋದರತ್ತೆಯ ಕೋಳಿಗಳಿಗೆ ಬುದ್ಧಿಯಿಲ್ಲ ಎಂದು ನಮ್ಮ ಬಳಗವೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ. ನನ್ನ ಬಳಿ ತರ್ಕವಿದೆ, ಸಾಕ್ಷಿಯಿದೆ, ಪ್ಯಾಂಟಿನ ಮೇಲೆ ಕಲೆಯೂ ಇದೆ. ಆ ಮನೆಯಲ್ಲಿ ಹಟಮಾರಿ ಯಾರಾದರೂ ಇದ್ದರೆ ಅದು ಕೋಳಿಯಲ್ಲ!

ಹಳೆಯ ಹೆಂಚಿನ ಮನೆ ಕೆಡವಿ ಅತ್ತೆಯ ಮಗ, ಅಂದರೆ ನನ್ನ ಭಾವ, ಹೊಸ ಬಿಲ್ಡಿಂಗ್ ಎಬ್ಬಿಸಿದ. ಕೆಳಗೆ ಪಾರ್ಕಿಂಗು, ನಡುವೆ ಬಾಡಿಗೆಯವರು, ಮೇಲೆ ತಾವು. ಟೆರೇಸಿನಲ್ಲಿ ಕೋಳಿಗಳಿಗೆ ಜಾಲರಿ ಬಾಗಿಲಿನ ಹೊಸ ಗೂಡು. ಬೆಂಗಳೂರಿನಲ್ಲಿ ಎಷ್ಟು ಮನುಷ್ಯರಿಗೆ ಅಷ್ಟು ಗಾಳಿ ಬೆಳಕು ಸಿಗುತ್ತದೆ, ಹೇಳಿ? ಆದರೆ ಹಗಲೆಲ್ಲ ಪಕ್ಕದ ಖಾಲಿ ಸೈಟು ಕೆದಕುವ ಈ ಮಹಾರಾಣಿಯರು ಸಂಜೆಯಾದರೆ ನೆಟ್ಟಗೆ ಬರುವುದು ಪಾರ್ಕಿಂಗಿಗೆ, ಹಳೆಯ ಗೂಡಿದ್ದ ಮೂಲೆಗೆ. ಈಗ ಅಲ್ಲಿ ನಿಲ್ಲುವುದು ಬಾಡಿಗೆಯ ಹುಡುಗಿಯ ಸ್ಕೂಟರ್. ಸೀಟಿನ ತುಂಬ ಹೇಂಟೆಗಳು, ಕಾಲಿಡುವ ಜಾಗದಲ್ಲಿ ಹುಂಜ!

"ಆಂಟಿ, ಮಾರತ್ತಹಳ್ಳಿ ತನಕ ಕೋಳಿ ವಾಸನೇಲಿ ಹೋಗ್ತಿದೀನಿ," ಅಂದಳು ಆಕೆ.

"ಪುಣ್ಯ ಮಾಡಿದೀಯ ಕಣಮ್ಮ. ಮಿಕ್ಕೋರೆಲ್ಲ ಹೊಗೆ ವಾಸನೇಲಿ ಹೋಗ್ತಾರೆ," ಅಂದರು ಅತ್ತೆ.

ಅತ್ತೆಯ ಪರಿಹಾರವೇನು? ದಿನಾ ಕತ್ತಲಾಗುವ ಮುಂಚೆ ಒಂದೊಂದೇ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತುವುದು.

"ಲಿಫ್ಟ್ ಇದೆಯಲ್ಲ ಅತ್ತೆ?"

"ತಲೆ ತಿರುಗುತ್ತೆ ಕಣೋ."

"ನಿಮಗಾ?"

"ಕೋಳೀಗೆ."

ಕೊನೆಗೆ ಭಾವ ತೀರ್ಪು ಕೊಟ್ಟ: "ಮುಂದಿನ ಭಾನುವಾರದೊಳಗೆ ಅವು ತಾವಾಗೇ ಮೇಲಕ್ಕೆ ಬರ್ಬೇಕು. ಇಲ್ಲಾಂದ್ರೆ ಶಿವಾಜಿನಗರ ಮಾರ್ಕೆಟ್ಟಿಗೆ ಕಳಿಸ್ಬಿಡ್ತೀನಮ್ಮ."

ಅತ್ತೆ ಹುಂಜವನ್ನೆತ್ತಿ ಕಂಕುಳಲ್ಲಿ ಇನ್ನಷ್ಟು ಬಿಗಿಯಾಗಿ ಇರುಕಿಕೊಂಡರು.

ಕೋಳಿಗಳ ವಕಾಲತ್ತು ನಾನು ವಹಿಸಿಕೊಂಡೆ. ಹೊಸ ಗೂಡಿನಲ್ಲೇ ಕೆಲವು ದಿನ ಕೂಡಿಹಾಕಿ ಕಾಳು ನೀರು ಕೊಟ್ಟರೆ ಅದೇ ಮನೆಯೆಂದು ಅವಕ್ಕೆ ತಿಳಿಯುತ್ತದೆ ಎಂದೆ.

"ಕೂಡಿಹಾಕೋಕೆ ಅವೇನು ಕಳ್ತನ ಮಾಡಿದ್ವಾ?"

"ದಿನಾ ನೀವು ಹೊತ್ಕೊಂಡು ಹೋಗೋದು ಕಿಡ್ನ್ಯಾಪ್ ಅಲ್ವಾ ಅತ್ತೆ?"

"ಕಾಲೇಜಿಗೆ ಫೀಸ್ ಕಟ್ಟಿ ಕಲ್ತಿದ್ದು ಇದನ್ನೇನಾ?"

ಅಂತೂ ವಾದ ಗೆದ್ದೆ, ಬಾಗಿಲು ಹಾಕಿದೆವು. ಶನಿವಾರ ಬೆಳಿಗ್ಗೆ ತೆಗೆದೆವು. ಸಂಜೆ ಏನಾಯಿತು? ಎಲ್ಲವೂ ಮತ್ತೆ ಪಾರ್ಕಿಂಗಿನಲ್ಲಿ! "ನೋಡಿದ್ಯಾ ಗುರು, ಬುದ್ಧಿ ಇಲ್ಲ ಇವಕ್ಕೆ," ಅಂದ ಭಾವ. ನಾನು ಮಾತ್ರ ಸ್ಕೂಟರಿನ ಪಕ್ಕ ನೋಡಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲಲ್ಲಿ ಅಕ್ಕಿನುಚ್ಚು ಇಟ್ಟುಕೊಂಡು, ಸಾಕ್ಷಾತ್ ಅತ್ತೆ!

"ಇಲ್ಲೇನ್ ಮಾಡ್ತಿದೀರಾ?"

"ಸಂಜೆ ಹೊತ್ತು ನಾನು ಕೂರೋದೇ ಇಲ್ಲಿ. ಹಳೇ ಮನೆ ಜಗುಲಿ ಇಲ್ಲೇ ಇತ್ತಲ್ಲ."

ಸಿಕ್ಕಿತಲ್ಲ! ಕೋಳಿಗಳ ತರ್ಕದಲ್ಲಿ ದೋಷವೆಲ್ಲಿದೆ? ಸಾಕಿದವರು ಎಲ್ಲಿ ಕೂತಿದ್ದಾರೋ ಅದು ತಾನೇ ಮನೆ?

ಭಾನುವಾರ ಮಧ್ಯಾಹ್ನವೇ ಕುರ್ಚಿಯನ್ನು ಟೆರೇಸಿಗೆ ಸಾಗಿಸಿದೆ. ಗೊಣಗುತ್ತಾ ಅತ್ತೆಯೂ ಬಂದರು. ಹೊತ್ತಿಳಿಯಿತು. ಭಾವ ಮೆಟ್ಟಿಲ ತುದಿಯಲ್ಲಿ ಕೈಕಟ್ಟಿ ನಿಂತ. ಬಾಡಿಗೆಯ ಹುಡುಗಿ ತನ್ನ ಬಾಗಿಲಿಂದ ಇಣುಕಿದಳು. ಕೋಳಿಗಳು ಪಾರ್ಕಿಂಗಿಗೆ ಬಂದವು, ಸ್ಕೂಟರ್ ಸುತ್ತಿದವು, ಕತ್ತು ಓರೆ ಮಾಡಿ ಹುಡುಕಿದವು. ಅತ್ತೆ ಟೆರೇಸಿನ ಗೋಡೆಯಿಂದ ಬಗ್ಗಿ "ಬಾ ಬಾ ಬಾ" ಅಂದರು. ಕಂದು ಹೇಂಟೆ ಮೊದಲ ಮೆಟ್ಟಿಲು ಹಾರಿತು! ಹಿಂದೆ ಇನ್ನೊಂದು! ಬಾಡಿಗೆಯವರ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಹುಂಜ ಅನುಮಾನಿಸಿ ನಿಂತಿತು, ಆಮೇಲೆ ಅದೂ ಬಂತು! ಭಾವನ ಕಾಲಸಂದಿಯಲ್ಲೇ ನುಸುಳಿ ಎಲ್ಲ ಗೂಡು ಸೇರಿದವು. ಮಾರ್ಕೆಟ್ಟಿನ ಮಾತು ಅಲ್ಲಿಗೇ ಮುಗಿಯಿತು. ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ವಿಜಯಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅತ್ತೆ ಗೂಡಿನ ಅಗಳಿ ಹಾಕಿ, ಮಡಿಲಿನ ನುಚ್ಚು ಕೊಡವಿ, ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲು ಇಳಿಯತೊಡಗಿದ್ದರು. ಕೆಳಗೆ, ಪಾರ್ಕಿಂಗಿಗೆ.

ಭಾಷಣ ಮರೆತುಹೋಯಿತು. ಕಂಬಿಯ ಮೇಲಿಂದ ಬಗ್ಗಿ ಕೇಳಿದೆ:

"ಅತ್ತೆ, ಕೋಳಿಗಳು ಮನೆ ಸೇರಿದ್ವು. ನೀವು ಯಾವಾಗ ಸೇರ್ತೀರಾ?"