ದಿನಕ್ಕೆ ಎರಡು ಪುಟ, ಊಟದ ನಂತರ

ಮನಸ್ಸಿನ ನೋವಿಗೆ ಔಷಧದಂತೆ ಪುಸ್ತಕ ಬರೆದುಕೊಡುವ ಕೆಲಸ ಹಿಡಿದವರ ಬಾಳಿನಲ್ಲಿ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಆಗದ ವಾರ ನನಗೇ ಊಟ ಸೇರುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಧಾರವಾಡದಿಂದ ಬಂದು ಪುಣೆ ಕ್ಯಾಂಪಿನ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಕೋಣೆ ಹಿಡಿದೆ. ಒಂದು ಮೇಜು, ಎರಡು ಕುರ್ಚಿ, ಒಂದು ಕಬ್ಬಿಣದ ಕಪಾಟು. ಬಂದವರ ಮಾತು ಕೇಳುವುದು, ಹೋಗುವಾಗ ಅವರ ನೋವಿಗೆ ತಕ್ಕ ಪುಸ್ತಕ ಹೇಳುವುದು ನನ್ನ ಪದ್ಧತಿ. ಕಪಾಟಿನಲ್ಲಿದ್ದರೆ ಕೊಡುತ್ತಿದ್ದೆ, ಇಲ್ಲದಿದ್ದರೆ ಚೀಟಿ.

ಕಟ್ಟಡದ ಕಾರ್ಯದರ್ಶಿ ನಿವೃತ್ತ ಮರಾಠಿ ಗೃಹಸ್ಥರು. ಅವರಿಗೆ ಲೋಕದಲ್ಲಿ ಎರಡೇ ವೈರಿಗಳು. ಒಂದು, ಓಲ್. ಓಲ್ ಅಂದರೆ ಮರಾಠಿಯಲ್ಲಿ ಗೋಡೆಗೆ ಹತ್ತುವ ತೇವ. ಮಳೆಗಾಲ ಬಂತೆಂದರೆ ಮನೆಮನೆ ಹೊಕ್ಕು ಗೋಡೆ ತಡವುತ್ತಿದ್ದರು. ಎರಡನೆಯದು ನಾನು. "ನಿಮ್ಮಿಂದ ಬಿಲ್ಡಿಂಗಿಗೆ ಹುಚ್ಚರು ಬರುತ್ತಾರೆ, ಕೋಣೆ ಖಾಲಿ ಮಾಡಿ" ಎಂದು ಮೊದಲ ತಿಂಗಳಲ್ಲೇ ಮರಾಠಿಯಲ್ಲಿ ಹೇಳಿದರು, ಕನ್ನಡ ಅವರಿಗೆ ಬರುತ್ತಿರಲಿಲ್ಲ. ನಾನು ಮರುದಿನವೇ ಹೋಗಿ ಮೊದಲಿನದಕ್ಕಿಂತ ದೊಡ್ಡ ಬೋರ್ಡು ಬರೆಸಿಕೊಂಡು ಬಂದೆ.

ಸ್ಟಾಕ್ ಇಲ್ಲ

ಬಾಗಲಕೋಟೆ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರಿಗೆ ನಿದ್ದೆ ಹಾರಿಹೋಗಿತ್ತು. ಮನಸ್ಸು ತಣ್ಣಗಾಗಿಸುವ ಒಂದು ಪುಸ್ತಕದ ಹೆಸರು ಬರೆದು, ಕೆಳಗೆ "ದಿನಕ್ಕೆ ಎರಡು ಪುಟ, ಊಟದ ನಂತರ" ಎಂದು ಸೇರಿಸಿ ಚೀಟಿ ಕೊಟ್ಟೆ. ಊಟದ ನಂತರ ಎಂದು ಬರೆದದ್ದೇ ನನ್ನ ತಪ್ಪು. ಅವರು ಚೀಟಿ ಹಿಡಿದು ನೆಟ್ಟಗೆ ಕೆಳಗಿನ ಔಷಧದ ಅಂಗಡಿಗೆ ಹೋದರು.

ಅಂಗಡಿಯವನು ತನ್ನಲ್ಲಿ ಇಲ್ಲದ್ದನ್ನು ಇಲ್ಲ ಎಂದು ಒಪ್ಪಿಕೊಳ್ಳುವ ಜಾತಿಯವನಲ್ಲ. ಚೀಟಿಯನ್ನು ಬೆಳಕಿಗೆ ಹಿಡಿದು, "ಈ ಕಂಪನಿ ಬಂದ್ ಆಗಿದೆ. ಅದೇ ಗುಣದ ಬೇರೆ ಮಾಲು ಬಂದಿದೆ" ಎಂದು ಏನೋ ಜೀವಸತ್ವದ ಗುಳಿಗೆ ಕೊಟ್ಟ.

ಹದಿನೈದು ದಿನ ಬಿಟ್ಟು ವ್ಯಾಪಾರಿ ಬಂದರು. ಮುಖ ತುಂಬಿಕೊಂಡಿತ್ತು, ಕಣ್ಣು ಅರಳಿತ್ತು.

"ಪುಸ್ತಕ ಹೆಂಗಿತ್ರಿ?" ಎಂದೆ.

"ಭಾಳ ಛಲೋ ಅದರಿ ಅಕ್ಕಾರ, ಬಿದ್ದಕೂಡಲೇ ನಿದ್ದಿ. ಆದ್ರ ಸ್ವಲ್ಪ ಕಹಿ ಅದ. ನೀರು ಕುಡದು ನುಂಗಬೇಕಾಗ್ತದ."

ಒಂದರಿಂದ ಹತ್ತು

ಕಲಬುರಗಿ ಕಡೆಯ ಒಬ್ಬ ಮೇಸ್ತ್ರಿ ಪುಣೆಯ ಹೊರಗೆ ಕಾತ್ರಜದ ಆಚೆ ಕಟ್ಟಡ ಕಟ್ಟಿಸುತ್ತಿದ್ದರು. ಅವರ ಸಿಟ್ಟಿಗೆ ಹೆದರಿ ಹೆಂಡತಿಯೇ ಕರೆತಂದಿದ್ದಳು. ಸಿಟ್ಟಿನ ಪುಸ್ತಕ ಕೊಟ್ಟೆ. ಅದರಲ್ಲಿ ಮುಖ್ಯ ಉಪಾಯ ಒಂದೇ: ಬಾಯಿ ತೆರೆಯುವ ಮೊದಲು ಒಂದರಿಂದ ಹತ್ತು ಎಣಿಸಬೇಕು. ಮನಸ್ಸಿನಲ್ಲಿ ಎಣಿಸಬೇಕು ಎಂದು ಪುಸ್ತಕದಲ್ಲಿ ಇರಲಿಲ್ಲ.

ಮುಂದಿನ ಸಲ ಅವರು ಬರುವಾಗ ಮೆಟ್ಟಿಲ ಮೇಲೆ ಕಾರ್ಯದರ್ಶಿ ಅಡ್ಡ ನಿಂತು, "ಹುಚ್ಚರ ಡಾಕ್ಟರ ಹತ್ತಿರವಾ?" ಎಂದು ಕೇಳಿದ್ದಾರೆ. ಮೇಸ್ತ್ರಿ ಕಣ್ಣು ಕೆಂಪಗೆ ಮಾಡಿಕೊಂಡು, ಅವರನ್ನೇ ದಿಟ್ಟಿಸುತ್ತ, "ಒಂದ್... ಎರಡ್... ಮೂರ್..." ಎಂದು ಶುರು ಮಾಡಿದ್ದಾರೆ. ಕಾರ್ಯದರ್ಶಿಗೆ ಕನ್ನಡ ಬರದಿದ್ದರೂ ಎಣಿಕೆ ಎಣಿಕೆಯೇ. ಹತ್ತಕ್ಕೆ ಏನಾಗುತ್ತದೆ ಎಂದು ನೋಡಲು ಕಾರ್ಯದರ್ಶಿ ಕಾಯಲಿಲ್ಲ.

"ಒಂಬತ್ತಕ್ಕ ಬಾಗಲಾ ಹಾಕ್ಕೊಂಡ್ರು ನೋಡ್ರಿ," ಮೇಸ್ತ್ರಿ ಖುಷಿಯಿಂದ ಹೇಳಿದರು. "ಸೈಟಿನ್ಯಾಗೂ ಹಂಗೇ. ಹತ್ತು ಅನ್ನೂದ್ರಾಗ ಎದುರಿಗೆ ಒಬ್ರೂ ಇರಂಗಿಲ್ಲ. ಸಿಟ್ಟು ಯಾರ ಮ್ಯಾಲ ಮಾಡ್ಲಿ?"

ಮರುದಿನ ನೋಟಿಸ್ ಬೋರ್ಡಿನ ಮೇಲೆ ನನ್ನ ಹೆಸರು. ಸಲಹೆಗೆ ಬರುವವರು ನಿವಾಸಿಗಳನ್ನು ಎಣಿಸುತ್ತಿದ್ದಾರಂತೆ. ಮುಂದಿನ ಭಾನುವಾರ ಸಭೆ. ಎಲ್ಲ ಮನೆಯವರ ಸಹಿ ಬಿದ್ದರೆ ನಾನು ಜಾಗ ಬಿಡಬೇಕು.

ಮುಂದಿನ ಲೆವೆಲ್

ಅದೇ ವಾರ ಬಂದವಳು ಬೆಂಗಳೂರಿನ ಹುಡುಗಿ, ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಮದುವೆ ಮುರಿದುಬಿದ್ದಿತ್ತು. ನಿಧಾನಕ್ಕೆ ಓದು ಎಂದು ಹಿಂದಿನ ಸೋಮವಾರ ಮೂರು ಪುಸ್ತಕ ಕೊಟ್ಟಿದ್ದೆ. ಮೂರನ್ನೂ ಮುಗಿಸಿ, ಅಂಚಿನಲ್ಲಿ ಬಣ್ಣಬಣ್ಣದ ಚೀಟಿ ಅಂಟಿಸಿ ತಂದು ಮೇಜಿನ ಮೇಲೆ ಇಟ್ಟಳು.

"ಡನ್ ಮೇಡಂ. ನೆಕ್ಸ್ಟ್ ಲೆವೆಲ್ ಯಾವ್ದು?"

"ಅಳು ಬಂತೇನಮ್ಮಾ?" ಎಂದೆ.

ಅವಳು ಡೈರಿ ತೆರೆದು ನೋಡಿದಳು. "ಇನ್ನೂ ಇಲ್ಲ ಮೇಡಂ. ಆಕ್ಚುಯಲಿ ಈ ವೀಕ್ ಆಫೀಸಲ್ಲಿ ರಿಲೀಸ್ ಇತ್ತು. ಅಳೋದನ್ನ ಸ್ಯಾಟರ್ಡೇ ಮೂರು ಗಂಟೆಗೆ ಇಟ್ಕೊಂಡಿದೀನಿ."

ಒಲ್ಲೆ

ಸಂಕೋಚದವರಿಗೆ ಕೊಡಲು ಕನ್ನಡದಲ್ಲಿ ಪುಸ್ತಕ ಸಿಗದೆ ನಾನೇ ನಲವತ್ತು ಪುಟದ ಒಂದನ್ನು ಬರೆದು, ಜೆರಾಕ್ಸ್ ಮಾಡಿಸಿ ಹೊಲಿಸಿದ್ದೆ. ಹೆಸರು "ಒಲ್ಲೆ". ಬೇಡ, ಆಗುವುದಿಲ್ಲ, ಮಾಡುವುದಿಲ್ಲ, ಈ ಮೂರಕ್ಕೂ ನಮ್ಮ ಕಡೆ ಅದೊಂದೇ ಮಾತು. ಮೊದಲ ಪುಟದ ಪಾಠ: ದಿನಾಲು ಕನ್ನಡಿ ಮುಂದೆ, ತನ್ನ ಮುಖ ಕಂಡೇ ನಾಚದಿರಲಿ ಎಂದು ಕಣ್ಣು ಮುಚ್ಚಿ ನಿಂತು ಹತ್ತು ಸಲ ಒಲ್ಲೆ ಅನ್ನಬೇಕು.

ಅದನ್ನು ವರ್ಷದಿಂದ ಓದುತ್ತಿದ್ದವರು ಎರಡನೇ ಮಹಡಿಯ ವಿಜಯಪುರದ ಬಾಯಾರು. ಅವರ ಯಜಮಾನರದು ಒಂದು ಅಂಗಡಿ; ಮನೆ ಬಾಯಾರ ಹೆಸರಿನಲ್ಲಿ, ಹಾಗಾಗಿ ಸಭೆಯ ಸಹಿಯೂ ಅವರದೇ. ಆಕೆ ಹುಟ್ಟಿದಾಗಿನಿಂದ ಯಾರಿಗೂ ಬೇಡ ಅಂದವರಲ್ಲ. ಹಾಗಾಗಿ ಗಣಪತಿ ಮಂಟಪದ ಬಿದಿರು, ಸಭೆಯ ಕುರ್ಚಿ, ಕಾರ್ಯದರ್ಶಿಗಳ ತಂಗಿಯ ಹಳೆಯ ಹೊಲಿಗೆ ಯಂತ್ರ, ಎಲ್ಲ ಇವರ ಹಜಾರದಲ್ಲಿ. ಇವರು ಅಡ್ಡಡ್ಡ ನಡೆದು ಅಡಿಗೆಮನೆ ಸೇರಬೇಕು. ಶೇಂಗಾ ಚಟ್ನಿ ಕೊಡುವ ನೆಪದಲ್ಲಿ ನನ್ನ ಕೋಣೆಗೆ ಬಂದು ಕಣ್ಣೀರು ಹಾಕುತ್ತಿದ್ದರು.

"ಕನ್ನಡಿ ಮುಂದ ಒಲ್ಲೆ ಅಂತೀನ್ರಿ. ಆದ್ರ ನನ್ನ ಒಳಗಿನಾಕಿ ಹೂಂ ಅಂತಾಳ."

ಭಾನುವಾರ ಬೆಳಿಗ್ಗೆ ಕೆಳಗಿನ ಪಡಸಾಲೆಯಲ್ಲಿ ಸಭೆ ಸೇರಿತು. ಹೊರಗೆ ಆಷಾಢದ ಜಿಟಿಜಿಟಿ ಮಳೆ. ರಿಜಿಸ್ಟರು ಕೈಯಿಂದ ಕೈಗೆ ಹೋಯಿತು, ಸಹಿ ಬೀಳುತ್ತ ಬಂತು. ಕೊನೆಗೆ ಉಳಿದದ್ದು ಬಾಯಾರದ್ದೊಂದೇ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹುಚ್ಚರ ಡಾಕ್ಟರು ಎಂದು ಎಬ್ಬಿಸಿದವಳಿಗೆ ಇನ್ನೊಂದು ಕೋಣೆ ಯಾರು ಕೊಡುತ್ತಾರೆ? ಹಿಂದಿನ ದಿನವೇ ಹೋಗಿ "ಸಹಿ ಮಾಡಬ್ಯಾಡ್ರಿ" ಅನ್ನಬಹುದಿತ್ತು. ಅದಕ್ಕೂ ಆಕೆ ಹೂಂ ಅನ್ನುತ್ತಿದ್ದರು. ಅದು ಇನ್ನೊಂದು ಹೂಂ ಆಗುತ್ತಿತ್ತು, ಅಷ್ಟೇ. ಇದ್ದ ಒಂದು ಕೋಣೆ ಹೋದರೂ ಚಿಂತೆಯಿಲ್ಲ, ಆಕೆಯಿಂದ ಆ ಹೂಂ ಕೇಳುವುದಿಲ್ಲ ಎಂದು ಹಟ ಹಿಡಿದಿದ್ದೆ.

"ವಹಿನೀ, ಇಲ್ಲಿ ಸಹಿ," ಅತ್ತಿಗೆ ಎನ್ನುವ ಸಲುಗೆಯಲ್ಲಿ ಕಾರ್ಯದರ್ಶಿ ಪೆನ್ನು ಚಾಚಿದರು. ಬಾಯಾರು ರೂಢಿಯಂತೆ ಪೆನ್ನು ತೆಗೆದುಕೊಂಡರು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಕೆ ಪೆನ್ನು ಕೆಳಗಿಟ್ಟು, ಮನೆಯ ಕನ್ನಡಿ ಮುಂದೆ ನಿಂತವರಂತೆ ಗಟ್ಟಿಯಾಗಿ ಕಣ್ಣು ಮುಚ್ಚಿದರು.

"ಒಲ್ಲೆ."

ಕಾರ್ಯದರ್ಶಿಗಳ ಮುಖ ಬಿಳುಚಿತು. ಪುಣೆಯವರು ಅವಸರದಲ್ಲಿ "ಓಲ್ ಆಹೆ", ಅಂದರೆ ತೇವ ಇದೆ, ಅನ್ನುವುದನ್ನು "ಓಲೇ" ಅನ್ನುತ್ತಾರೆ ಎಂಬುದು ನನಗೆ ಆಗ ಹೊಳೆಯಿತು.

"ಓಲ್? ಕುಠೇ?" ಎಲ್ಲಿ ಎಂದು ಅವರು ಎದ್ದೇ ನಿಂತರು.

"ಒಲ್ಲೆ."

"ಮೇಲೆ? ಗಚ್ಚಿಯ ಮೇಲೆ?"

"ಒಲ್ಲೆ! ಒಲ್ಲೆ!"

ಎಂದೂ ದನಿ ಎತ್ತದ ಹೆಣ್ಣುಮಗಳು ಹೀಗೆ ಕೂಗಬೇಕಾದರೆ ತಾರಸಿಯ ನೀರಿನ ಟಾಕಿಯೇ ಒಡೆದಿರಬೇಕು ಎಂದುಕೊಂಡು ಕಾರ್ಯದರ್ಶಿ ಮೆಟ್ಟಿಲು ಹತ್ತಿದರು. ಹಿಂದೆ ಖಜಾಂಚಿ, ಅವರ ಹಿಂದೆ ಇಡೀ ಸಭೆ. ಬಾಯಾರು ಮಾತ್ರ ಪಾಠ ಬಿಡದೆ ಹತ್ತು ಸಲ ಪೂರೈಸಿ ಕಣ್ಣು ತೆರೆದರು. ಪಡಸಾಲೆಯಲ್ಲಿ ನಾನು, ಅವರು, ಖಾಲಿ ಕುರ್ಚಿಗಳು.

"ಅಯ್ಯ!" ಆಕೆ ಸುತ್ತ ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು. "ಇಷ್ಟು ಜೋರ್ ಕೆಲಸ ಮಾಡ್ತದಂತ ಪುಸ್ತಕದಾಗ ಬರದಿರಲಿಲ್ಲಲ್ರೀ!"

ಹಳೆಯ ಕಟ್ಟಡ, ಆಷಾಢದ ಮಳೆ. ಹುಡುಕಿದರೆ ತೇವ ಸಿಗದೆ ಇರುತ್ತದೆಯೇ? ಕಾರ್ಯದರ್ಶಿ ಒದ್ದೆ ಅಂಗೈ ಎತ್ತಿ ಹಿಡಿದು ಗೆದ್ದವರಂತೆ ಇಳಿದು ಬಂದರು. ಟಾಕಿ ರಿಪೇರಿಗೆ ಸರ್ವಾನುಮತದ ಠರಾವಾಯಿತು. ರಿಜಿಸ್ಟರಿನಲ್ಲಿ ಬಾಯಾರಿಗೆ ಧನ್ಯವಾದ ಬರೆದರು. ನನ್ನ ವಿಷಯ ಮುಂದಿನ ಸಭೆಗೆ ಹೋಯಿತು, ಅಲ್ಲಿಂದ ಅದರ ಮುಂದಿನದಕ್ಕೆ. ಪ್ರತಿ ಸಲವೂ ಬಾಯಾರು ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚುತ್ತಿದ್ದರು, ಸಭೆ ಗಚ್ಚಿಗೆ ಓಡುತ್ತಿತ್ತು. ಬೋರ್ಡು ಇದ್ದಲ್ಲೇ ಇತ್ತು.

ಆ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಕಾರ್ಯದರ್ಶಿ ಎಂದಿನಂತೆ ಬಿದಿರು ಹೊರಿಸಿಕೊಂಡು ಬಾಯಾರ ಬಾಗಿಲಿಗೆ ಬಂದರು. ಆಕೆ ಹೊಸ್ತಿಲಲ್ಲಿ ನಿಂತು "ಒಲ್ಲೆ" ಅಂದರು. ತೇವವಿದ್ದಲ್ಲಿ ಬಿದಿರು ಇಡುತ್ತಾರೆಯೇ? ಅವರು ಬಾಗಿಲ ಪಕ್ಕದ ಗೋಡೆ ತಡವಿ ನೋಡಿ, ಬಿದಿರನ್ನು ತಮ್ಮ ಮನೆಗೇ ಹೊರಿಸಿದರು. ಕುರ್ಚಿ ಹೋದವು, ಹೊಲಿಗೆ ಯಂತ್ರ ಹೋಯಿತು. ಬಾಯಾರು ತಮ್ಮ ಹಜಾರದಲ್ಲಿ ನೆಟ್ಟಗೆ ನಡೆಯತೊಡಗಿದರು.

"ಕಾರ್ಯದರ್ಶಿಗಳಿಗೆ ಖರೇ ಅರ್ಥ ಹೇಳಿದಿರೇನ್ರಿ?" ಎಂದು ಕೇಳಿದೆ.

"ನಮ್ಮ ಮನಿಯವರೂ ಅದನ್ನೇ ಅಂದ್ರು. ಪಾಪ, ಹಿರಿಯರು, ಹೋಗಿ ಖರೇ ಹೇಳಿ ಬಾ ಅಂದ್ರು. ಮನಿಯವರಿಗೂ ಒಲ್ಲೆ ಅಂದೆ." ಬಾಯಾರು ಚಟ್ನಿಯ ಬಟ್ಟಲು ಮೇಜಿನ ಮೇಲಿಟ್ಟು ಸೆರಗು ಸರಿಮಾಡಿಕೊಂಡರು. "ಮನಿಯವರು ಏನೂ ಗ್ವಾಡಿ ಮುಟ್ಟಿ ನೋಡ್ಲಿಲ್ರಿ. ಅವರಿಗೆ ಕನ್ನಡ ಬರ್ತದ."