ಬಲಕ್ಕಷ್ಟೇ ಹೊಳ್ಳುವ ಗಾಡಿ

ಹುಬ್ಬಳ್ಳಿಯ ಕೇಶ್ವಾಪುರದ ಜನ ಕಣ್ಣರಳಿಸಿ ನೋಡುವಂಥ ಗಾಡಿಯೊಂದು ಈ ಭಾನುವಾರ ತನ್ನ ಮನೆಯಿಂದ ಹೊರಡಲಿದೆ ಎಂದು ಗುರುಪಾದ ವಾರದಿಂದ ಸಾರುತ್ತಿದ್ದ. ದುರ್ಗದಬೈಲಿನ ಸೀರೆ ಅಂಗಡಿಯಲ್ಲಿ ದಿನವಿಡೀ ಸೀರೆಗೆ ಒಪ್ಪುವ ಕುಪ್ಪಸದ ಬಟ್ಟೆ ಹುಡುಕಿಕೊಡುವವನು ಅವನು. ಅಂಥವನಿಗೆ ಹ್ಯಾಂಡಲ್ಲಿಗೆ ಎಕ್ಸಲರೇಟರ್ ಹೊಂದಿಸುವುದು ಯಾವ ದೊಡ್ಡ ವಿದ್ಯೆ! ತನ್ನ ಹಳೆಯ ಬೈಕಿಗೆ ಬೇರೊಂದು ಗಾಡಿಯ ಎತ್ತರದ ಹ್ಯಾಂಡಲ್ ಕೂರಿಸಿದ. ಎಕ್ಸಲರೇಟರ್ ಹಿಡಿ ಮತ್ತೊಂದು ಗಾಡಿಯದು. ಕೇಬಲ್ ಮಾತ್ರ ಮೊದಲಿನದೇ. ಹ್ಯಾಂಡಲ್ ಗೇಣುದ್ದ ಮೇಲೆ ಹೋಗಿದ್ದರಿಂದ ಅದು ತಂಬೂರಿಯ ತಂತಿಯಂತೆ ಬಿಗಿದು ನಿಂತಿತ್ತು. ಬಿಗಿಯಿದ್ದರೆ ಗಟ್ಟಿ ಎಂದುಕೊಂಡು ಗುರುಪಾದ ಗಾಡಿಗೆ ಹೂವು ಏರಿಸಿ, ಕಾಯಿ ಒಡೆದ.

ಆ ಭಾನುವಾರವೇ ಹಳೇ ಹುಬ್ಬಳ್ಳಿಯಲ್ಲಿ ಅವನ ಹೆಂಡತಿ ರಾಜೇಶ್ವರಿಯ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಸೋದರತ್ತೆಯಾದ ಅವಳೇ ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕು. ಆಟೋದಲ್ಲಿ ಹೋಗೋಣವೆಂದು ಅವಳು ಬಗೆಬಗೆಯಾಗಿ ಹೇಳಿದಳು. ಗುರುಪಾದ ಒಪ್ಪಲಿಲ್ಲ. ಕೊನೆಗೆ ರೇಷ್ಮೆ ಸೀರೆಯ ನಿರಿಗೆ ಸಾವರಿಸಿಕೊಂಡು ಹಿಂದೆ ಕೂತಳು.

ನೆಟ್ಟಗಿನ ರಸ್ತೆಯಲ್ಲಿ ಗಾಡಿ ಗಂಭೀರವಾಗಿ ಸಾಗಿತು. ಮೊದಲ ಎಡ ತಿರುವಿನಲ್ಲಿ ಹ್ಯಾಂಡಲ್ ಹೊರಳಿಸಿದ್ದೇ ತಡ, ಕೇಬಲ್ ಜಗ್ಗಿ ಎಂಜಿನ್ ತಾನಾಗಿಯೇ ಅಬ್ಬರಿಸಿತು. ಗಾಡಿ ಛಂಗನೆ ಜಿಗಿದು ಯಾರದೋ ಅಂಗಳದ ರಂಗೋಲಿ ಅಳಿಸಿ ನಿಂತಿತು. ಬಲಕ್ಕೆ ಹೊರಳಿಸಿ ನೋಡಿದ. ಹಸುವಿನಷ್ಟು ಸಾಧು. ಎಡಕ್ಕೆ ಹೊರಳಿಸಿದ. ಹುಲಿ! ಹೊಸದಾಗಿ ಕಟ್ಟಿದ ಗಾಡಿಗೆ ಹುರುಪು ಜಾಸ್ತಿ ಎಂದು ಹೆಂಡತಿಗೆ ಸಮಾಧಾನ ಹೇಳಿದ. ಮೂರು ಸಲ ಬಲಕ್ಕೆ ಹೊರಳಿದರೆ ಒಂದು ಸಲ ಎಡಕ್ಕೆ ಹೊರಳಿದಂತಾಗುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿ ಮುಂದುವರಿದ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ದನಿ ಬಂತು.

"ಈ ಇಸ್ತ್ರಿ ಅಂಗಡಿ ಆಗಳೇ ನೋಡಿದ್ವಲ್ರಿ."

"ಹುಬ್ಬಳ್ಳ್ಯಾಗ ಇಸ್ತ್ರಿ ಅಂಗಡಿ ಒಂದ ಐತೇನು?"

"ಅದರ ಕಟ್ಟಿಮ್ಯಾಗ ಮಲ್ಕೊಂಡ ಬೆಕ್ಕೂ ಅದ ಐತಿ."

ಗುರುಪಾದ ಗಾಡಿ ನಿಲ್ಲಿಸಿ ನಿಜ ಒಪ್ಪಿಕೊಂಡ. "ಎಡಕ್ಕ ಹೊಳ್ಳಿದ್ರ ಒದರತೈತಿ. ಬಲಕ್ಕ ಏನೂ ತಕರಾರಿಲ್ಲ."

ರಾಜೇಶ್ವರಿ ಬೈಯಲಿಲ್ಲ. ಎಡ ತಿರುವು ಬಂದಾಗಲೆಲ್ಲ ಎಂಜಿನ್ ಆರಿಸಿ, ಇಬ್ಬರೂ ಇಳಿದು, ಗಾಡಿಯನ್ನು ದೂಡಿ ತಿರುಗಿಸುವುದೆಂದು ತೀರ್ಮಾನಿಸಿದಳು. ಹಳೇ ಹುಬ್ಬಳ್ಳಿಯ ಸಂದಿಗಳೋ, ಮಾತಾಡಿಕೊಂಡವರಂತೆ ಒಂದಾದ ಮೇಲೊಂದು ಎಡಕ್ಕೇ ಹೊರಳಿದವು. ಅವಳು ಇಳಿಯುವಳು, ಅವನು ದೂಡುವನು, ಅವಳು ಮತ್ತೆ ಹತ್ತುವಳು. ಮುಟ್ಟುವ ಹೊತ್ತಿಗೆ ಮುಹೂರ್ತ ಮೀರುವುದರಲ್ಲಿತ್ತು. ಕೂಸು ಕಾದು ಕಾದು ನಿದ್ದೆ ಹೋಗಿತ್ತು.

ರಾಜೇಶ್ವರಿ ಏದುಸಿರಿನಲ್ಲೇ ಹೆಸರು ಉಸುರಿದಳು. ಸುತ್ತಲಿನ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, ತಡವಾಗಿ ಬಂದಿದ್ದಕ್ಕೆ ತುಸು ಜೋರಾಗಿಯೇ. ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಗುರುಪಾದನಿಗೆ ಆ ಗುದ್ದು ತನ್ನ ಬೆನ್ನಿಗೆ ಸಲ್ಲಬೇಕಿತ್ತು ಅನ್ನಿಸಿತು. ಹೊಸ ಗಾಡಿ ಹೇಗಿದೆಯೆಂದು ತಮ್ಮ ಕೇಳಿದಾಗ, ಛಲೋ ಇದೆ ಎಂದಷ್ಟೇ ಹೇಳಿ ಅವಳು ಗಂಡನ ಮರ್ಯಾದೆ ಉಳಿಸಿದಳು.

ಊಟದ ನಡುವೆ ಗುರುಪಾದನಿಗೆ ಜ್ಞಾನೋದಯವಾಯಿತು. ಬರುವಾಗಿನ ಎಡವೆಲ್ಲ ಹೋಗುವಾಗ ಬಲವಲ್ಲವೇ! ಹೆಂಡತಿಯ ಕಿವಿಯಲ್ಲಿ ಹೇಳಿದ.

"ಖರೇ ಐತಿ," ಎಂದಳು ರಾಜೇಶ್ವರಿ. "ನೀವು ಗಾಡಿಮ್ಯಾಲೆ ಬರ್ರಿ. ನಾ ಆಟೋದಾಗ ಹೋಗ್ತೇನಿ."

ಅವನ ಲೆಕ್ಕ ತಪ್ಪಲಿಲ್ಲ. ಬಲಕ್ಕೆ, ಮತ್ತೆ ಬಲಕ್ಕೆ, ಗಾಡಿ ಕೇಶ್ವಾಪುರದವರೆಗೂ ಚಕಾರವೆತ್ತಲಿಲ್ಲ. ಮೀಸೆಯಡಿ ನಗುತ್ತ ತನ್ನ ಓಣಿ ಹೊಕ್ಕ. ಆಗ ಕಂಡಿತು, ಮನೆಯ ಗೇಟು ಎಡಕ್ಕಿತ್ತು. ಮುಂದೆ ಹೋಗಿ, ಬಲಕ್ಕೆ ಸುತ್ತು ಹಾಕಿ ಆಚೆ ತುದಿಯಿಂದ ಬಂದರೆ ಗೇಟೂ ಬಲಕ್ಕೇ ಸಿಗುತ್ತದೆ. ಎದೆ ಸೆಟೆಸಿ, ಸ್ವಂತ ಮನೆಯ ಮುಂದೆಯೇ ಅಪರಿಚಿತನಂತೆ ಹಾದುಹೋದ.

ಆಗಲೇ ಮನೆ ಮುಟ್ಟಿದ್ದ ರಾಜೇಶ್ವರಿ ಪಕ್ಕದ ಮನೆಯ ಶಹಜಹಾನಬೇಗಂ ಜೊತೆ ಕಟ್ಟೆಯ ಮೇಲೆ ಕೂತಿದ್ದಳು.

"ನಿಮ್ಮವರು ಎಲ್ಲಿಗಿ ಹೊಂಟಾರ್ರಿ?" ಶಹಜಹಾನಬೇಗಂ ಕೇಳಿದ್ದು ಗುರುಪಾದನಿಗೂ ಕೇಳಿಸಿತು.

"ಮನಿಗಿ ಬರಾಕತ್ತಾರ್ರಿ," ಎಂದಳು ರಾಜೇಶ್ವರಿ.