ತಣ್ಣಗಾದ ಕಾಲಿಗೆ ತಕ್ಕ ಜೋಡಿ

"ಇನ್ಮೇಲೆ ನನ್ನ ಫೋನಿಗೆ ಬರೋ ಇಂಗ್ಲಿಷನ್ನೆಲ್ಲ ನಾನೇ ಓದ್ಕೋತೀನಿ. ಮಗಳ ಹಂಗು ಬೇಡ" ಎಂದು ಶೂ ಅಂಗಡಿಯ ಯಜಮಾನರು ಬೆಳ್ಳಂಬೆಳಗ್ಗೆ ಘೋಷಿಸಿಬಿಟ್ಟರು. ಸೈಜು, ಹೀಲು, ಲೇಸು ಎಂದು ಮೂವತ್ತು ವರ್ಷ ಇಂಗ್ಲಿಷಿನಲ್ಲೇ ವ್ಯಾಪಾರ ಮಾಡಿದ ಮಹಾಪಂಡಿತರು! ಶೂವಿನ ಸೋಲು ಬಿಟ್ಟರೆ ಬೇರೆ ಸೋಲು ಕಂಡವರಲ್ಲ.

ಮಗಳ ಮದುವೆಗೆ ಇನ್ನು ಎಂಟೇ ದಿನ. ಅಷ್ಟರಲ್ಲಿ ಭಾವಿ ಅಳಿಯ, ಹಲ್ಲಿನ ಡಾಕ್ಟರು, ಮೆಸೇಜು ಕಳಿಸಿದರು: "ಐ ಹ್ಯಾವ್ ಕೋಲ್ಡ್ ಫೀಟ್." ಕೊನೇ ಗಳಿಗೆಯಲ್ಲಿ ಹೆದರಿ ಹಿಂದೇಟು ಹಾಕುವುದಕ್ಕೆ ಇಂಗ್ಲಿಷಿನವರು ಹಾಗನ್ನುತ್ತಾರೆ. ಕನ್ನಡದಲ್ಲಿ ಹೇಳಲು ಪಾಪ ಡಾಕ್ಟರಿಗೆ ನಾಲಿಗೆಯೇ ಬಂದಿರಲಿಲ್ಲ.

"ಅಳಿಯಂದ್ರಿಗೆ ಕಾಲು ತಣ್ಣಗಾಗಿದೆಯಂತೆ ಕಣೇ" ಎಂದರು ಯಜಮಾನರು.

"ಅಷ್ಟಕ್ಕೆ ನಿಮಗ್ಯಾಕ್ರೀ ಬರೀಬೇಕು?" ಎಂದರು ಹೆಂಡತಿ.

"ಕಾಲಿನ ವಿಷಯ ನನಗಲ್ದೆ ಇನ್ಯಾರಿಗೆ ಬರೀತಾರೆ?"

ಒಳಗೆ ಉಣ್ಣೆ ಹೊಲಿದ ಒಂದು ಜೊತೆ ಬೂಟನ್ನು ಚೀಲಕ್ಕೆ ಹಾಕಿಕೊಂಡು ಕ್ಲಿನಿಕ್ಕಿಗೆ ನಡೆದೇಬಿಟ್ಟರು. ಅವರನ್ನು ಕಂಡದ್ದೇ ಡಾಕ್ಟರ ಮುಖ ಬಿಳಿಚಿಕೊಂಡಿತು.

"ಮೆಸೇಜು ಓದಿದ್ರಾ ಮಾವ? ಬೇಜಾರಾಯ್ತಾ?"

"ಬೇಜಾರ್ಯಾಕೆ? ಎಲ್ಲರಿಗೂ ಆಗೋದೇ. ಹೊಸ ಜೋಡಿ ಅಂದ್ಮೇಲೆ ಮೊದಮೊದಲು ಕಚ್ಚುತ್ತೆ. ಆಮೇಲೆ ಒಗ್ಗುತ್ತೆ."

"ನಿಮಗೂ ಕಚ್ಚಿತ್ತಾ?"

ಯಜಮಾನರು ತಮ್ಮ ಕಾಲಿನ ಹಳೇ ಬೂಟನ್ನು ನೆನೆದರು. "ಹದಿನೈದು ದಿನ ರಕ್ತ ಬರೋ ಹಾಗೆ ಕಚ್ತು. ಎಣ್ಣೆ ಹಚ್ಚಿ ಬಿಸಿಲಿಗಿಟ್ಟೆ, ದಾರಿಗೆ ಬಂತು. ಈಗ ಹಳೇದಾಗಿ ಬಾಯಿ ಬಿಟ್ಕೊಂಡಿದೆ. ಆದ್ರೂ ಬಿಡೋಕೆ ಮನಸ್ಸಿಲ್ಲ."

ಮಾವನವರು ಅತ್ತೆಯ ಬಗ್ಗೆ 'ಕಚ್ತು, ಬಂತು' ಎಂದದ್ದು ಡಾಕ್ಟರಿಗೆ ಬರೀ ಸಲಿಗೆಯಾಗಿ ಕಂಡಿತು. ಅವರ ಕಣ್ಣು ಒದ್ದೆಯಾಯಿತು. "ಸಾಕು ಮಾವ, ಧೈರ್ಯ ಬಂತು" ಎಂದು ಕೈ ಹಿಡಿದುಕೊಂಡರು. ಬೂಟನ್ನು ಉಡುಗೊರೆಯೆಂದೇ ಇಸಿದುಕೊಂಡರು.

ಯಜಮಾನರು ಮನೆಗೆ ಬಂದಾಗ ಮಗಳು ನಕ್ಕು ನಕ್ಕು ಸುಸ್ತಾಗಿದ್ದಳು. "ಅಪ್ಪಾ, ಅವರಿಗೆ ತಣ್ಣಗಾಗಿದ್ದು ಕಾಲಲ್ಲ, ಧೈರ್ಯ. ಮದುವೆ ನಿಲ್ಲಿಸೋಣ ಅಂತಿದ್ರಂತೆ. ನಿನ್ನ ಮಾತು ಕೇಳಿ ಮನಸ್ಸು ಬದಲಾಯಿಸಿದ್ರಂತೆ."

ಯಜಮಾನರ ಎದೆ ಧಸಕ್ಕೆಂದಿತು, ಮರುಗಳಿಗೆಯೇ ಉಬ್ಬಿತು. "ನೋಡಿದ್ಯೇನೇ ನನ್ನ ಇಂಗ್ಲಿಷು?" ಎಂದು ಹೆಂಡತಿಯತ್ತ ತಿರುಗಿದರು.

ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. "ಅಳಿಯಂದ್ರು ನನಗೂ ಫೋನ್ ಮಾಡಿದ್ರು. ನಾನು ಹದಿನೈದು ದಿನ ಕಚ್ಚಿದ್ನಂತೆ. ಎಣ್ಣೆ ಹಚ್ಚಿ ಬಿಸಿಲಿಗಿಟ್ಟ ಮೇಲೆ ದಾರಿಗೆ ಬಂದ್ನಂತೆ. ಈಗ ಬಾಯಿ ಬಿಟ್ಕೊಂಡಿದೀನಂತೆ."

"ಅಯ್ಯೋ, ಅದು ನನ್ನ ಬೂಟಿನ ವಿಷಯ ಕಣೇ."

"ಇರ್ಲಿ ಬಿಡಿ" ಎಂದು ಹೆಂಡತಿ ಒಂದು ಹೆಜ್ಜೆ ಮುಂದೆ ಬಂದರು. "ನಾನು ಕಚ್ಚೋದು ನಿಲ್ಲಿಸಿದೀನಿ ಅಂತ ನಿಮಗ್ಯಾರ್ರೀ ಹೇಳಿದ್ದು?"